ಡಿಕ್ಕಿಯೊಳಗಿನ ವೂಫರ್ ಪೆಟ್ಟಿಗೆ, ಅದರ ಹಿಂದಿನ ಕತೆ

ಕಾರಿನ ಡಿಕ್ಕಿಯೊಳಗೆ ಹಲಗೆ ಪೆಟ್ಟಿಗೆ ಒಂದನ್ನ ಇಟ್ಟು ದಮ್ ದಮ್ ಅನ್ನಿಸ್ತಾರಲ್ಲ, ಅದಕ್ಕೆ ವೂಫರ್ ಬಾಕ್ಸ್ ಅಂತಾರೆ. ನಮ್ಮಕ್ಕನ ಮಗ ಅಂಥದೊಂದನ್ನ ಮನೇಲೇ ಮಾಡ್ಕತಾನಂತೆ ಅಂತ ಗೊತ್ತಾದ ಮೇಲೆ ನಿಮ್ಮಲ್ಲೇ ನಾಕಾರು ಜನ ನನ್ನ ಕೇಳಿದ್ರಿ. ಒಬ್ರು, "ಅದು ಖಾಲಿ ಪೆಟ್ಟಿಗೆ ಅಲ್ವೇನಕ್ಕ, ಅದಕ್ಯಾಕೆ ಅಷ್ಟು ಒದ್ದಾಟ?" ಅಂದ್ರು. ಇನ್ನೊಬ್ರು, "ಗಂಡುಡುಗ್ರ ತೆವಲು, ಬುಡಿ" ಅಂದ್ರು. ನಮ್ಮಕ್ಕ ಮಾತ್ರ ಲೆಕ್ಕದ ಮಾತಾಡಿದ್ಲು: "ಆ ಕಾರಲ್ಲಿ ನಿಮ್ಮತ್ತೆನ ಮೈಸೂರಿಗೆ ಕರ್ಕೊಂಡು ಹೋಗ್ಬೇಕು, ಅಕ್ಕಿ ಚೀಲ ಹಾಕ್ಬೇಕು. ಡಿಕ್ಕಿನೆಲ್ಲ ಪೆಟ್ಟಿಗೆ ತಿಂದ್ಬುಟ್ರೆ ಚೀಲ ತಲೆ ಮೇಲೆ ಇಟ್ಕೊಳ್ಳಾದಾ? ಕಿವಿ ಬೇರೆ ಹೋಯ್ತವೆ."

ಮೂರು ಮಾತಿಗೂ ಉತ್ತರ ಆ ಪೆಟ್ಟಿಗೆಯ ಚರಿತ್ರೆಯಲ್ಲೇ ಐತೆ. ನಾನು ಓದಿ, ಹುಡುಗನ್ನ ಕೂರಿಸಿಕೊಂಡು ಕೇಳಿ, ತಿಳ್ಕೊಂಡಷ್ಟನ್ನ ಇಲ್ಲಿ ಬರೀತೀನಿ. ಒಸಿ ಉದ್ದ ಆಗಬಹುದು. ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಇಳಿಸಿ ಬನ್ನಿ.

ಮುಚ್ಚಿದ ಪಾತ್ರೆಯಿಂದ ದಪ್ಪ ಸದ್ದು ತೆಗೆಯೋದು ನಮಗೇನೂ ಹೊಸದಲ್ಲ. ನಗಾರಿ ನೋಡಿ. ಕೆಳಗೆ ಲೋಹದ ಬಾನಿ, ಮೇಲೆ ಬಿಗಿದ ಚರ್ಮ. ತಬಲಾ ಜೋಡಿಯಲ್ಲಿ ಎಡಗೈಯಲ್ಲಿ ನುಡಿಸೋ ಡಗ್ಗವೂ ಅಂಗೇ, ಚರ್ಮ ಒಂದು ಬಿಟ್ರೆ ಎಲ್ಲ ಕಡೆನೂ ಬಂದ್. ಬೀರಪ್ಪನ ಗುಡಿ ಮುಂದೆ ಕುಣಿಯೋ ಡೊಳ್ಳಿಗೆ ಎರಡು ಬಾಯಿ, ಎರಡಕ್ಕೂ ಚರ್ಮ. ಹಿಂಬದಿ ತೆರೆದಿರೋ ತಮಟೆಗೆ ಈ ಗುಡುಗು ಬರೋಲ್ಲ. ಅದು ಚಟಪಟ ಅಂತ ಚುರುಕಾಗಿ ನುಡಿಯುತ್ತೆ, ಅದರ ಗುಣವೇ ಬೇರೆ. ಒಳಗೆ ಸಿಕ್ಕಿಬಿದ್ದ ಗಾಳಿಗೂ ಸದ್ದಿಗೂ ನಂಟು ಐತೆ ಅನ್ನೋದು ಇವನ್ನ ಕಟ್ಟಿದವರ ಕೈಗೆ ಗೊತ್ತಿತ್ತು. ಆ ನಂಟಿಗೆ ಲೆಕ್ಕ ಬರೆದಿದ್ದು ಮಾತ್ರ ಬಹಳ ತಡವಾಗಿ.

ಮೊದಲು ಬಂದಿದ್ದು ಗ್ರಾಮಾಫೋನು. ಪ್ಲೇಟು ಅಂತಿದ್ವಲ್ಲ, ಅದರ ಮೇಲೆ ಮುಳ್ಳು ಓಡಿ, ಸದ್ದು ದೊಡ್ಡ ಕಹಳೆಯಿಂದ ಹೊರಗೆ ಬರೋದು. ಕರೆಂಟು ಬೇಕಿರಲಿಲ್ಲ, ಕೀಲಿ ಕೊಟ್ರೆ ಸಾಕು. ಕಹಳೆ ಗಂಟಲನ್ನ ದೂರಕ್ಕೆ ಎಸೆಯುತ್ತೆ, ಆದ್ರೆ ದಪ್ಪ ಸದ್ದು ಅದರಲ್ಲಿ ಹಾಯೋದಿಲ್ಲ. ಮದುವೆ ಮನೆ ತೆಂಗಿನ ಮರಕ್ಕೆ ಕಟ್ಟೋ ಮೈಕ್ ಸೆಟ್ಟಿನ ಹಾರ್ನು ನೆನಪು ಮಾಡ್ಕೊಳ್ಳಿ. ಮೂರು ಮೈಲಿ ಆಚೆಗೂ ಮಾತು ಕೇಳುತ್ತೆ, ಮೃದಂಗ ಮಾತ್ರ ತಗಡು ಬಡಿದಂಗೆ ಇರುತ್ತೆ. ದಪ್ಪ ಸದ್ದು ಬೇಕು ಅಂದ್ರೆ ಕಹಳೆಯ ಬಾಯಿ ಗಾಡಿ ಚಕ್ರಕ್ಕಿಂತ ಅಗಲ ಆಗಬೇಕು.

ಈಗಿನ ಸ್ಪೀಕರು ಹುಟ್ಟಿದ್ದು 1925ರಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಅನ್ನೋ ಇಬ್ಬರು ಕಾಗದದ ಬಟ್ಟಲೊಂದಕ್ಕೆ ತಂತಿ ಸುರುಳಿ ಅಂಟಿಸಿ, ಅಯಸ್ಕಾಂತದ ನಡುವೆ ಇಟ್ಟು, ಕರೆಂಟು ಹಾಯಿಸಿ ಆ ಬಟ್ಟಲನ್ನ ಮುಂದಕ್ಕೂ ಹಿಂದಕ್ಕೂ ಓಡಾಡಿಸಿದರು. ನೂರು ವರ್ಷ ಆಯ್ತು. ನಿಮ್ಮ ಟಿವಿಯೊಳಗೂ, ಆಟೋದೊಳಗೂ, ಕಿವಿಗೆ ಸಿಕ್ಕಿಸೋ ಯಂತ್ರದೊಳಗೂ ಹೆಚ್ಚು ಕಮ್ಮಿ ಅದೇ ಕೆಲಸ ಇವತ್ತಿಗೂ ನಡೀತಾ ಐತೆ. ನಮ್ಮೂರಿಗೂ ಹೆಚ್ಚು ಕಮ್ಮಿ ಅಷ್ಟೇ ವಯಸ್ಸು. ಎಡತೊರೆ ಕಾವೇರಿ ನೆರೆಗೆ ಸಿಕ್ಕಿದ ಮೇಲೆ ಹೊಸ ಊರು ಕಟ್ಟಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟಿದ್ದು ಅದೇ ಸುಮಾರಿನಲ್ಲಿ.

ಇಲ್ಲೊಂದು ತೊಡಕು ಬಂತು, ಪೆಟ್ಟಿಗೆಯ ಕತೆ ಶುರುವಾಗೋದೇ ಅಲ್ಲಿಂದ. ಸ್ಪೀಕರನ್ನ ಬರಿಗೈಲಿ ಹಿಡಿದು ಹಾಡು ಹಾಕಿದ್ರೆ ಕೀರಲು ಸದ್ದು ಬರುತ್ತೆ, ದಪ್ಪ ಸದ್ದೇ ಇರೋಲ್ಲ. ಯಾಕೆ ಅಂದ್ರೆ, ಕಣದಲ್ಲಿ ಮೊರ ಬೀಸಿದ್ದು ನೆನಪಿರುತ್ತಲ್ಲ? ಮೊರವನ್ನ ಮುಂದಕ್ಕೆ ಬೀಸಿದಾಗ ಮುಂದಿನ ಗಾಳಿ ಒತ್ತುತ್ತೆ, ಹಿಂದೆ ಗಾಳಿ ಕಮ್ಮಿ ಆಗುತ್ತೆ. ನಿಧಾನಕ್ಕೆ ಬೀಸಿದ್ರೆ ಮುಂದಿನ ಗಾಳಿ ಅಂಚು ಸುತ್ತಿಕೊಂಡು ಹಿಂದಕ್ಕೆ ಜಾರಿಬಿಡುತ್ತೆ, ಹೊಟ್ಟು ಹಾರೋದೇ ಇಲ್ಲ. ರಪ್ಪನೆ ಬೀಸಿದ್ರೆ ಜಾರೋಕೆ ಹೊತ್ತು ಸಿಗೋಲ್ಲ, ಹೊಟ್ಟು ಹಾರುತ್ತೆ. ಸ್ಪೀಕರಿನ ಬಟ್ಟಲೂ ಅಂಗೇ. ಸಣ್ಣ ಸ್ವರಕ್ಕೆ ಅದು ಸೆಕೆಂಡಿಗೆ ಸಾವಿರಾರು ಸಲ ಅದುರುತ್ತೆ, ದಪ್ಪ ಸ್ವರಕ್ಕೆ ನಲವತ್ತು ಐವತ್ತು ಸಲ ಮಾತ್ರ. ನಿಧಾನದ ಅದುರಿಗೆ ಮುಂದಿನ ಒತ್ತಡ, ಹಿಂದಿನ ಸೆಳೆತ ಎರಡೂ ಕೂಡಿ ಸೊನ್ನೆ ಆಗಿಬಿಡ್ತವೆ. ಹಿಂದಿನ ಗಾಳಿ ಮುಂದಿನ ಗಾಳಿಯನ್ನ ಸೇರದ ಹಂಗೆ ಅಡ್ಡ ಕಟ್ಟಬೇಕು. ಪೆಟ್ಟಿಗೆ ಇರೋದು ಆ ಅಡ್ಡಗೋಡೆಗೆ. ಖಾಲಿ ಪೆಟ್ಟಿಗೆ ಯಾಕೆ ಅಂತ ಕೇಳಿದವರಿಗೆ ಇದು ಅರ್ಧ ಉತ್ತರ, ಮಿಕ್ಕರ್ಧ ಮುಂದೆ ಬರುತ್ತೆ.

ಮೊದಮೊದಲ ರೇಡಿಯೋಗಳಲ್ಲಿ ಈ ಅಡ್ಡ ಅರ್ಧಂಬರ್ಧ ಇತ್ತು. ನಮ್ಮ ಸೀಮೆಗೆ ರೇಡಿಯೋ ಅಂದ ಕೂಡಲೇ ನೆನಪಾಗೋರು ಎಂ.ವಿ. ಗೋಪಾಲಸ್ವಾಮಿ ಅವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರದ ಮೇಷ್ಟ್ರು. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ಪ್ರಸಾರ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಗಿದ್ದು. ಆ ಪ್ರಸಾರ ಕೇಳಿಸಿದ್ದು ಮರದ ಪೆಟ್ಟಿಗೆಯ ರೇಡಿಯೋಗಳಲ್ಲಿ. ವಾಲ್ವ್ ರೇಡಿಯೋದ ಹಿಂದೆ ತೂತು ತೂತಿನ ರಟ್ಟು ಇರ್ತಿತ್ತು, ಒಳಗಿನ ವಾಲ್ವು ಬಿಸಿ ಆಗೋದಕ್ಕೆ ಗಾಳಿ ಆಡಲಿ ಅಂತ. ಹಿಂಬದಿ ತೆರೆದಿದ್ದ ಕಾರಣ ದಪ್ಪ ಸದ್ದು ಅಷ್ಟಕ್ಕಷ್ಟೇ. ಆದ್ರೂ ಆ ರೇಡಿಯೋ ಮಾತಿನಲ್ಲಿ ಒಂದು ಬೆಚ್ಚಗಿನ ಗುಣ ಇತ್ತು ಅಂತ ನಮ್ಮತ್ತೆ ಈಗಲೂ ಹೇಳ್ತಾರೆ. ಅದಕ್ಕೆ ಲೈಸೆನ್ಸು ಬೇರೆ! ಎಂಬತ್ತರ ದಶಕದ ನಡುವಿನವರೆಗೂ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮೊಹರು ಹಾಕಿಸಬೇಕಿತ್ತು. ಈಗಿನ ಮಕ್ಕಳಿಗೆ ಹೇಳಿದ್ರೆ ನಗ್ತಾವೆ.

ದಪ್ಪ ಸದ್ದು ಬೇಕಾದವರಿಗೆ ಆಗ ಒಂದೇ ದಾರಿ, ದೊಡ್ಡ ಪೆಟ್ಟಿಗೆ. ಬೀರು ಗಾತ್ರದ್ದು. ಅದನ್ನ ಇಡೋಕೆ ದೊಡ್ಡ ಮನೆ ಬೇಕು, ಅರಮನೆ ಇದ್ರೆ ಇನ್ನೂ ವೈನ. ನಮ್ಮ ಜಯಚಾಮರಾಜ ಒಡೆಯರಿಗೆ ಅದೂ ಇತ್ತು, ಸಂಗೀತದ ಹುಚ್ಚೂ ಇತ್ತು. ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದ ಕಟ್ಟಿದ ವಾಲ್ಟರ್ ಲೆಗ್ ಅನ್ನೋರು ಮೈಸೂರಿಗೆ ಬಂದು ಅವರನ್ನ ಕಂಡಿದ್ರು. ಯುವ ಮಹಾರಾಜರ ಅರಮನೆಯಲ್ಲಿ ದೊಡ್ಡ ರೆಕಾರ್ಡ್ ಭಂಡಾರ, ಬಗೆಬಗೆಯ ಸ್ಪೀಕರುಗಳು, ದೊಡ್ಡ ಪಿಯಾನೋಗಳು ಇದ್ದಿದ್ದನ್ನ ನೋಡಿ ಬೆರಗಾಗಿ ಬರೆದುಕೊಂಡವ್ರೆ. 1948ರಲ್ಲಿ ಒಡೆಯರು ಆ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್ ಅನ್ನೋ ಸಂಗೀತಗಾರನ ಕೊನೆಯ ನಾಕು ಹಾಡುಗಳನ್ನ ಮೊದಲ ಸಲ ಹಾಡಿಸಿದ್ದಕ್ಕೆ ನಮ್ಮ ಮೈಸೂರಿನ ದುಡ್ಡಿನ ಬೆಂಬಲ ಇತ್ತು. ಇದನ್ನ ಓದಿದಾಗ ನನಗೆ ಹೆಮ್ಮೆನೂ ಆಯ್ತು, ಒಸಿ ಅಸೂಯೆನೂ ಆಯ್ತು. ಒಳ್ಳೆ ಸದ್ದು ಅನ್ನೋದು ದೊಡ್ಡ ಜಾಗ ಇದ್ದವರ ಸೊತ್ತಾಗಿತ್ತಲ್ಲ ಅಂತ.

ಅದು ಬದಲಾಗಿದ್ದು 1954ರಲ್ಲಿ. ಬದಲಾಯಿಸಿದವರು ಎಡ್ಗರ್ ವಿಲ್ಚರ್ ಅನ್ನೋ ನ್ಯೂಯಾರ್ಕ್ ಕಡೆಯ ಮೇಷ್ಟ್ರು.

ಸ್ಪೀಕರಿನ ಕಾಗದದ ಬಟ್ಟಲಿನ ಸುತ್ತ ಒಂದು ಅಂಚು ಇರುತ್ತೆ. ಬಟ್ಟಲು ಮುಂದೆ ಹೋದಾಗ ಅದನ್ನ ಎಳೆದು ವಾಪಸ್ ಜಾಗಕ್ಕೆ ತರೋದು ಆ ಅಂಚಿನ ಬಿಗಿ. ಸೀರೆ ಕುಚ್ಚು ಎಳೆದು ಬಿಟ್ಟಂಗೆ ಅಂದ್ಕೊಳ್ಳಿ. ತೊಂದರೆ ಏನಂದ್ರೆ ಬಟ್ಟೆ, ಕಾಗದದ ಬಿಗಿ ಒಂದೇ ಸಮ ಇರೋಲ್ಲ. ಒಸಿ ಎಳೆದಾಗ ಸಡಿಲ, ಜಾಸ್ತಿ ಎಳೆದಾಗ ಗಟ್ಟಿ. ಹಿಂಗಾಗಿ ದಪ್ಪ ಸ್ವರಗಳು ಸೊಟ್ಟ ಆಗ್ತವೆ. ವಿಲ್ಚರ್ ಯೋಚನೆ ಮಾಡಿದ್ದು ಇಷ್ಟೇ: ಈ ಅಂಚನ್ನ ಪೂರಾ ಸಡಿಲ ಬಿಟ್ಟು, ಬಟ್ಟಲನ್ನ ಹಿಂದಕ್ಕೆ ನೂಕೋ ಕೆಲಸ ಗಾಳಿಗೇ ಕೊಟ್ರೆ? ಸೈಕಲ್ ಪಂಪಿನ ತುದಿಗೆ ಬೆರಳು ಒತ್ತಿಕೊಂಡು ಹಿಡಿ ಅದುಮಿ ನೋಡಿ, ಒಳಗಿನ ಗಾಳಿ ವಾಪಸ್ ನೂಕುತ್ತೆ. ಸ್ಪ್ರಿಂಗಿನಂಗೇ, ಅದಕ್ಕಿಂತ ಸಮನಾಗಿ. ಆದ್ರೆ ಬೆರಳು ಒಂಚೂರು ಸಡಿಲ ಆದ್ರೂ ಬುಸ್ಸಂತ ಹೋಯ್ತು. ಅಂದ್ರೆ ಪೆಟ್ಟಿಗೆ ಪೂರಾ ಮುಚ್ಚಿರಬೇಕು, ಗಾಳಿ ಕೆಲಸ ಮಾಡಬೇಕಾದ್ರೆ ಪೆಟ್ಟಿಗೆ ಸಣ್ಣದೂ ಆಗಿರಬೇಕು. ದೊಡ್ಡ ಪೆಟ್ಟಿಗೆಯಲ್ಲಿ ಗಾಳಿ ಸ್ಪ್ರಿಂಗು ಮೆತ್ತಗಾಗಿಬಿಡುತ್ತೆ. ಇದೇ ಆ ಮಿಕ್ಕರ್ಧ ಉತ್ತರ. ಪೆಟ್ಟಿಗೆ ಖಾಲಿ ಅಲ್ಲ ಕಣ್ರವ್ವ, ಅದರ ತುಂಬ ಗಾಳಿ ಐತೆ, ಕೆಲಸ ಮಾಡೋದೇ ಆ ಗಾಳಿ.

ಈಗ ನಿಮಗೆ ಹೇಳಲೇಬೇಕಾದ ಸಂಗತಿ. ಆ ಸಡಿಲ ಅಂಚನ್ನ ಮಾಡಿದ್ದು ಹೆಂಗೆ? ಹಳೇ ಸ್ಪೀಕರೊಂದರ ಗಟ್ಟಿ ಅಂಚನ್ನ ವಿಲ್ಚರ್ ಕಿತ್ತು ಹಾಕಿದರು. ಅದರ ಜಾಗಕ್ಕೆ ಹಾಸಿಗೆ ಹೊದಿಸೋ ಬಟ್ಟೆ, ನಾವು ಗವಸಿಗೆ ಹಾಕೋ ಪಟ್ಟೆ ಬಟ್ಟೆ ಬರುತ್ತಲ್ಲ, ಆ ಥರದ್ದನ್ನ ಹಾಕಿದರು. ದುಂಡಗೆ ಉಬ್ಬಿದ ಬಳೆಯಂಗೆ ಆ ಬಟ್ಟೆ ಕೂರಬೇಕಾದ್ರೆ ಹೆಂಗೆ ಕತ್ತರಿಸಬೇಕು ಅಂತ ಅಳತೆ ಮಾದರಿ ಮಾಡಿಕೊಟ್ಟಿದ್ದು ಅವರ ಹೆಂಡತಿ ರೋಸ್‌ಮರಿ. ರವಿಕೆ ತೋಳು ಕೂರಿಸಿದವರಿಗೆ ಗೊತ್ತು, ಚಪ್ಪಟೆ ಬಟ್ಟೆಯನ್ನ ದುಂಡಗೆ ನಿಲ್ಲಿಸೋದು ಎಷ್ಟು ನಾಜೂಕು ಅಂತ. ಪುಸ್ತಕಗಳಲ್ಲಿ ದೊಡ್ಡದಾಗಿ ಬರೋದು ಗಂಡನ ಹೆಸರು. ಆದ್ರೆ ಆ ಮೊದಲ ಸ್ಪೀಕರು ಅದುರಿದ್ದು ರೋಸ್‌ಮರಿ ಲೆಕ್ಕ ಹಾಕಿದ ಬಟ್ಟೆಯ ಮೇಲೆ. ಗಂಡುಡುಗ್ರ ತೆವಲು ಅಂದವರು ಇದನ್ನ ಒಸಿ ಗಮನಿಸಬೇಕು.

ವಿಲ್ಚರ್ ಈ ಯೋಚನೆಯನ್ನ ಮಾರೋಕೆ ಹೋದಾಗ ದೊಡ್ಡ ಕಂಪನಿಯವರು ಬೇಡ ಅಂದ್ರು. ಕೊನೆಗೆ ತಮ್ಮ ಶಿಷ್ಯ ಹೆನ್ರಿ ಕ್ಲಾಸ್ ಜೊತೆ ಸೇರಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್ ಊರಲ್ಲಿ ಅಕೌಸ್ಟಿಕ್ ರಿಸರ್ಚ್ ಅನ್ನೋ ಕಂಪನಿ ಕಟ್ಟಿದರು. ಅವರ ಮೊದಲ ಪೆಟ್ಟಿಗೆ ಎಆರ್-1, ಬೆಲೆ 185 ಡಾಲರು. ಎರಡಡಿ ಉದ್ದ, ಒಂದಡಿಗೆ ಒಸಿ ಜಾಸ್ತಿ ಎತ್ತರ, ಪುಸ್ತಕದ ಹಲಗೆ ಮೇಲೆ ಕೂರುವಷ್ಟು. ಬೀರು ಗಾತ್ರದ ಪೆಟ್ಟಿಗೆಗಳು ಇಳಿಸಲಾರದ ಸ್ವರಗಳನ್ನ ಅದು ಇಳಿಸ್ತು. ಜನಕ್ಕೆ ನಂಬಿಕೆ ಬರಲಿ ಅಂತ ಆಮೇಲಾಮೇಲೆ ಪಿಟೀಲು ತಂಡ ಒಂದನ್ನ ವೇದಿಕೆ ಮೇಲೆ ಕೂರಿಸಿ, ಒಂದಷ್ಟು ಹೊತ್ತು ಅವರು ನುಡಿಸೋದು, ಒಂದಷ್ಟು ಹೊತ್ತು ಅವರು ಸುಮ್ಮನೆ ಕಮಾನು ಆಡಿಸ್ತಿದ್ರೆ ಸ್ಪೀಕರು ನುಡಿಯೋದು, ಹಿಂಗೆ ಆಟ ಕಟ್ಟಿ ತೋರಿಸಿದರು. ಯಾವುದು ಯಾವುದು ಅಂತ ಎಷ್ಟೋ ಜನಕ್ಕೆ ಗೊತ್ತಾಗಲಿಲ್ಲವಂತೆ. ವಿಲ್ಚರ್ ಪಡೆದಿದ್ದ ಪೇಟೆಂಟು ಕೋರ್ಟಿನಲ್ಲಿ ನಿಲ್ಲಲಿಲ್ಲ. ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ಅನ್ನೋರಿಗೆ 1949ರಲ್ಲೇ ಇದಕ್ಕೆ ಹತ್ತಿರದ ಪೇಟೆಂಟು ಸಿಕ್ಕಿತ್ತು. ಹಂಗಾಗಿ ಯಾರು ಬೇಕಾದ್ರೂ ಮುಚ್ಚಿದ ಪೆಟ್ಟಿಗೆ ಕಟ್ಟಬಹುದು ಅಂತ ಆಯ್ತು. ಆ ಬಾಗಿಲು ತೆರೆದಿದ್ದಕ್ಕೇ ಇವತ್ತು ನಮ್ಮ ಹುಡುಗ ಯಾರಿಗೂ ಕಪ್ಪ ಕಟ್ಟದೆ ಹಿತ್ತಲಲ್ಲಿ ಕೂತು ಪೆಟ್ಟಿಗೆ ಕೊಯ್ಯಬಹುದು.

ಆದ್ರೂ ಎಷ್ಟು ದೊಡ್ಡದು ಕಟ್ಟಬೇಕು ಅನ್ನೋದು ಊಹೆಯ ಮೇಲೆ ಇತ್ತು. ಅದನ್ನ ಲೆಕ್ಕಕ್ಕೆ ಇಳಿಸಿದ್ದು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಇಬ್ಬರು. ನೆವಿಲ್ ಥೀಲ್ 1961ರಲ್ಲಿ ಒಂದು ಪ್ರಬಂಧ ಬರೆದರು. ಸಿಡ್ನಿಯಲ್ಲಿ ಓದ್ತಿದ್ದ ರಿಚರ್ಡ್ ಸ್ಮಾಲ್ 1972-73ರಲ್ಲಿ ಅದನ್ನ ಬೆಳೆಸಿ, ಮುಚ್ಚಿದ ಪೆಟ್ಟಿಗೆಗೂ ಲೆಕ್ಕ ಕೊಟ್ಟರು. ಈಗ ಸ್ಪೀಕರಿನ ಜೊತೆ ಬರೋ ಚೀಟಿಯಲ್ಲಿ ಕೆಲವು ಅಂಕಿ ಇರ್ತವೆ, ಅವಕ್ಕೆ ಈ ಇಬ್ಬರ ಹೆಸರೇ ಇಟ್ಟವ್ರೆ. ಪಾಕದ ಪುಸ್ತಕದಲ್ಲಿ ಇಷ್ಟು ಅಕ್ಕಿಗೆ ಇಷ್ಟು ನೀರು ಅಂತ ಇರುತ್ತಲ್ಲ, ಅಂಗೆ.

ಇತ್ತ ಗಾಡಿಯೊಳಕ್ಕೆ ಸಂಗೀತ ಬಂದ ದಾರಿ ಬೇರೆ. ಅಮೆರಿಕದ ಗ್ಯಾಲ್ವಿನ್ ಅಣ್ಣತಮ್ಮಂದಿರು 1930ರಲ್ಲಿ ಮೋಟರೋಲಾ ಅನ್ನೋ ಹೆಸರಲ್ಲಿ ಕಾರಿನ ರೇಡಿಯೋ ಮಾರಿದರು. 1963ರಲ್ಲಿ ಫಿಲಿಪ್ಸ್‌ನವರು ಕ್ಯಾಸೆಟ್ಟು ತಂದರು. ನಮ್ಮ ಕಡೆಗೆ ಕ್ಯಾಸೆಟ್ಟಿನ ಕಾಲ ಅಂದ್ರೆ ಎಂಬತ್ತು ತೊಂಬತ್ತರ ದಶಕ. ಸಂಗೀತಾ, ಲಹರಿ ಕ್ಯಾಸೆಟ್ಟುಗಳು, ಟೆಂಪೋದಲ್ಲಿ ಜಾನಪದ ಗೀತೆ, ಚುಂಚನಕಟ್ಟೆ ಜಾತ್ರೆಗೆ ಹೋಗೋ ಬಸ್ಸಿನಲ್ಲಿ ರಾಜಕುಮಾರ್ ಹಾಡು. ಮಾರುತಿ 800 ಬಂದಿದ್ದು 1983ರ ಡಿಸೆಂಬರಿನಲ್ಲಿ. ಆಗಿನ ಕಾರುಗಳಲ್ಲಿ ಹಿಂದಿನ ಗಾಜಿನ ಕೆಳಗೆ ಒಂದು ಹಲಗೆ ಇಟ್ಟು, ಅದರಲ್ಲಿ ಮೊಟ್ಟೆ ಆಕಾರದ ಎರಡು ಸ್ಪೀಕರು ಕೂರಿಸೋರು. ಕೆಳಗಿನ ಡಿಕ್ಕಿಯೇ ಅವಕ್ಕೆ ಪೆಟ್ಟಿಗೆ. ಡಿಕ್ಕಿಯಲ್ಲಿ ನೂರೆಂಟು ಸಂದು ಇರ್ತವೆ, ಸದ್ದು ಸುಮಾರಾಗೇ ಇರೋದು.

ಬರೀ ದಪ್ಪ ಸದ್ದಿಗೇ ಬೇರೆ ಸ್ಪೀಕರು, ಅಂದ್ರೆ ಸಬ್‌ವೂಫರು, ಬಂದಿದ್ದು ಅರವತ್ತರ ದಶಕದಲ್ಲಿ. ಜನಕ್ಕೆ ಅದರ ರುಚಿ ಹತ್ತಿಸಿದ್ದು ಸಿನಿಮಾ. 1974ರಲ್ಲಿ ಹಾಲಿವುಡ್ಡಿನವರು ಭೂಕಂಪದ ಕತೆಯ ಸಿನಿಮಾ ಒಂದಕ್ಕೆ ಥಿಯೇಟರಿನೊಳಗೆ ದೈತ್ಯ ಪೆಟ್ಟಿಗೆಗಳನ್ನ ಇಟ್ಟು ಕುರ್ಚಿಗಳನ್ನೇ ನಡುಗಿಸಿದರು. ಕಿವಿಗೆ ಕೇಳೋದಕ್ಕಿಂತ ಎದೆಗೆ ತಾಗೋದು ಜಾಸ್ತಿ. ಆ ರುಚಿ ಆಮೇಲೆ ಮನೆಗೆ ಬಂತು, ಮನೆಯಿಂದ ಡಿಕ್ಕಿಗೆ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲಾಗಿರೋ ಕಾರಿನ ಸಾಮಾನಿನ ಅಂಗಡಿಗಳಲ್ಲಿ ಈಗ ಎಲ್ಲ ಥರದ್ದೂ ಸಿಗುತ್ತೆ.

ಅಂಗಡಿಯಲ್ಲಿ ಸಿಗೋ ದೊಡ್ಡ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಒಂದು ಕೊಳವೆ ಇರುತ್ತೆ. ಆ ಕೊಳವೆಯಿಂದ ಹಿಂದಿನ ಗಾಳಿಯೂ ಹೊರಗೆ ಬಂದು ಸದ್ದಿಗೆ ಸೇರುತ್ತೆ, ಅಷ್ಟೇ ಕರೆಂಟಿಗೆ ಜಾಸ್ತಿ ಜೋರು. ಆದ್ರೆ ಪೆಟ್ಟಿಗೆ ದೊಡ್ಡದಾಗಬೇಕು, ಕೊಳವೆಯ ಅಳತೆ ಕೆಟ್ರೆ ಒಂದೇ ಸ್ವರಕ್ಕೆ ಬೂಂ ಅಂತ ಅಂಟಿಕೊಳ್ಳುತ್ತೆ. ಮುಚ್ಚಿದ್ದು ಅಷ್ಟು ಜೋರಿಲ್ಲ, ಆದ್ರೆ ಸಣ್ಣದು, ಸ್ವರ ಬಿಗಿಯಾಗಿರುತ್ತೆ. ಕಾರಿಗೆ ಅದು ಒಪ್ಪೋದಕ್ಕೆ ಇನ್ನೊಂದು ಕಾರಣ ಐತೆ. ಗಾಜು ಏರಿಸಿದ ಕಾರೂ ಒಂದು ಮುಚ್ಚಿದ ಡಬ್ಬಿಯೇ ಅಲ್ವಾ? ಸ್ವರ ಇಳಿದಷ್ಟೂ ಮುಚ್ಚಿದ ಪೆಟ್ಟಿಗೆಯ ಸದ್ದು ಮೆಲ್ಲಗೆ ಕುಗ್ತಾ ಹೋಗುತ್ತೆ. ಸ್ವರ ಇಳಿದಷ್ಟೂ ಕಾರಿನ ಒಳಗಿನ ಸಣ್ಣ ಜಾಗ ಅದನ್ನ ಎತ್ತಿ ಹಿಡಿಯುತ್ತೆ. ಒಂದರ ಕೊರತೆ ಇನ್ನೊಂದು ತುಂಬುತ್ತೆ, ಅತ್ತೆ ಸೊಸೆ ಹೊಂದಿಕೊಂಡ ಮನೆಯಂಗೆ. ಗಾಜು ಇಳಿಸಿದ್ರೆ ಆ ದಪ್ಪ ಅಲ್ಲೇ ಸಡಿಲ ಆಗುತ್ತೆ. ಅಂದ್ರೆ ಈ ಪೆಟ್ಟಿಗೆ ಒಳಗೆ ಕೂತವರಿಗೆ ನುಡಿಯೋಕೆ ಹೇಳಿ ಮಾಡಿಸಿದ್ದು, ಬೀದಿಗಲ್ಲ.

ನಮ್ಮ ಹುಡುಗ ಹಿಡಿದಿದ್ದು ಈ ದಾರಿ. ಅವನ ಹನ್ನೆರಡು ಇಂಚಿನ ಸ್ಪೀಕರಿನ ಚೀಟಿ ನೋಡಿ ಲೆಕ್ಕ ಹಾಕಿದಾಗ 40 ಲೀಟರ್ ಗಾಳಿ ಸಾಕು ಅಂತ ಬಂತು. ಸ್ಪೀಕರಿನ ಅಯಸ್ಕಾಂತವೇ ಒಳಗೆ ಒಂದೆರಡು ಲೀಟರ್ ಜಾಗ ತಿನ್ನುತ್ತೆ, ಅದಕ್ಕೆ 42 ಲೀಟರ್ ಇಟ್ಟ. ನಮ್ಮ ಬಿಂದಿಗೆ 15 ಲೀಟರಿನದು ಅಂದ್ರೆ ಮೂರು ಬಿಂದಿಗೆಗೆ ಒಸಿ ಕಮ್ಮಿ. ಒಳ ಅಳತೆ 50 ಸೆಂಟಿಮೀಟರ್ ಉದ್ದ, 40 ಎತ್ತರ, 21 ಆಳ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದ್ರೆ 42 ಬರುತ್ತೆ, ಬೇಕಾದ್ರೆ ಮಕ್ಕಳ ಕೈಲಿ ಹಾಕಿಸಿ ನೋಡಿ. ಹಲಗೆ 18 ಮಿಲಿಮೀಟರಿನ ಎಂಡಿಎಫ್. ಮುಂದಕ್ಕೂ ಹಿಂದಕ್ಕೂ 53.6 ಮತ್ತು 43.6ರ ಎರಡು, ಮೇಲಕ್ಕೂ ಕೆಳಕ್ಕೂ 53.6 ಮತ್ತು 21ರ ಎರಡು, ಪಕ್ಕಕ್ಕೆ 40 ಮತ್ತು 21ರ ಎರಡು. ಮರಗೆಲಸದವರ ಹತ್ತಿರ ಯಂತ್ರದಲ್ಲೇ ಕೊಯ್ಸಿದ್ದು, ಯಾಕಂದ್ರೆ ಅಂಚು ನೇರ ಇಲ್ಲದಿದ್ರೆ ಸಂದು ಕೂರೋಲ್ಲ. ಎಂಡಿಎಫ್ ಕೊಯ್ಯುವಾಗ ಏಳೋ ಧೂಳು ಹಿಟ್ಟಿಗಿಂತ ನುಣುಪು, ಮೂಗಿಗೆ ಬಟ್ಟೆ ಕಟ್ಟದೆ ಹತ್ತಿರ ಹೋಗಬೇಡಿ.

ಕಟ್ಟೋದರಲ್ಲಿ ಮುಖ್ಯ ಕೆಲಸ ಮುಚ್ಚೋದು. ಪ್ರತಿ ಸಂದಿಗೂ ಮರದ ಗೋಂದು ಹಚ್ಚಿ, ಮೊದಲೇ ಸಣ್ಣ ತೂತು ಹೊಡೆದು ಸ್ಕ್ರೂ ಬಿಗಿದು, ಒಳ ಮೂಲೆಗಳಿಗೆಲ್ಲ ಸಿಲಿಕಾನ್ ಎಳೆದ. ಆ ಸಿಲಿಕಾನು ವಿನೆಗರ್ ವಾಸನೆ ಹೊಡೆಯುತ್ತೆ. ಆ ಘಾಟು ಸ್ಪೀಕರಿಗೆ ಒಳ್ಳೇದಲ್ಲ, ಅದು ಪೂರಾ ಒಣಗಿ ವಾಸನೆ ಹೋಗೋವರೆಗೂ ಸ್ಪೀಕರು ಕೂರಿಸಬಾರದು. ಸ್ಪೀಕರಿನ ಕೆಳಗೆ ಫೋಮ್ ಪಟ್ಟಿ ಹಾಕ್ತಾರೆ, ಕುಕ್ಕರಿನ ಗ್ಯಾಸ್ಕೆಟ್ ಇದ್ದಂಗೆ. ತಂತಿ ಹೊರಗೆ ಬರೋ ತೂತಿಗೂ ಮುಚ್ಚಳ ಬಿಗಿ ಇರಬೇಕು. ಒಳಗೆ ದಿಂಬಿಗೆ ತುಂಬೋ ಪಾಲಿಯೆಸ್ಟರ್ ಹತ್ತಿಯನ್ನ ಬಿಡಿಸಿ ಹಗುರಕ್ಕೆ ತುಂಬಿದ್ರೆ ಸ್ಪೀಕರಿಗೆ ಪೆಟ್ಟಿಗೆ ಇನ್ನೂ ಒಸಿ ದೊಡ್ಡದಾದಂಗೆ ಅನ್ನಿಸುತ್ತೆ. ಬಿಡಿಸಿ ಕೊಟ್ಟಿದ್ದು ನಾನು. ವಿಲ್ಚರ್ ಗಾಜಿನ ನಾರು ತುಂಬಿದ್ದರಂತೆ, ಅದು ಕೈ ತುರಿಸುತ್ತೆ, ಮನೆಗೆ ಬೇಡ. ನಮ್ಮ ಬೂರುಗದ ಹತ್ತಿ ಹಾಕೋಣ ಅಂದೆ, ಅದು ಗಂಟು ಕಟ್ಟುತ್ತೆ ಚಿಕ್ಕವ್ವ ಅಂದ. ಅದೂ ನಿಜವೇ.

ಸೋರುತ್ತಾ ಇಲ್ವಾ ಅಂತ ನೋಡೋಕೆ ಎರಡು ದಾರಿ. ಬಟ್ಟಲನ್ನ ಎರಡೂ ಅಂಗೈಯಲ್ಲಿ ಮೆಲ್ಲಗೆ ಸಮನಾಗಿ ಒತ್ತಿ ಬಿಟ್ರೆ ಅದು ನಿಧಾನಕ್ಕೆ ವಾಪಸ್ ಬರಬೇಕು. ಪಟ್ ಅಂತ ಬಂದ್ರೆ ಎಲ್ಲೋ ಸಂದು ಐತೆ ಅಂತ. ಇನ್ನೊಂದು, ದಪ್ಪ ಸ್ವರ ಹಾಕಿ ಊದುಬತ್ತಿ ಹಚ್ಚಿ ಸಂದುಗಳ ಹತ್ತಿರ ಹಿಡಿಯೋದು. ಸೋರೋ ಕಡೆ ಹೊಗೆ ಅಲ್ಲಾಡುತ್ತೆ. ಊದುಬತ್ತಿ ಹಿಡಿದು ಪೆಟ್ಟಿಗೆ ಸುತ್ತ ಬರುವಾಗ ನಮ್ಮನೆಯವ್ರು, "ಆರತಿನೂ ಎತ್ಬುಡು" ಅಂತ ನಕ್ಕರು. ಹಿಂದಿನ ಎಡ ಮೂಲೇಲಿ ಹೊಗೆ ಒಸಿ ಅಲ್ಲಾಡ್ತು, ಅಲ್ಲಿಗೆ ಇನ್ನೊಂದು ಎಳೆ ಸಿಲಿಕಾನ್ ಬಿತ್ತು.

ಕರೆಂಟಿನ ಕಡೆ ಒಂದೇ ಮಾತು: ಬ್ಯಾಟರಿಯಿಂದ ಹೊರಡೋ ದಪ್ಪ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಡಿಕ್ಕಿ ಹತ್ತಿರ ಮಾತ್ರ ಇದ್ರೆ, ನಡುವೆ ತಂತಿ ಎಲ್ಲಾದ್ರೂ ಸವೆದು ಬಾಡಿಗೆ ತಾಗಿದಾಗ ಬೆಂಕಿ ಹತ್ತೋದು ತಪ್ಪೋಲ್ಲ. ಇದನ್ನ ನಾನು ಹುಡುಗನಿಗೆ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ, ನೀವೂ ನಿಮ್ಮ ಮಕ್ಕಳನ್ನ ಕೇಳಿ. ಇನ್ನು ಹಲಗೆಯ ತೂಕವೇ ಹನ್ನೊಂದು ಹನ್ನೆರಡು ಕೆಜಿ, ಅಯಸ್ಕಾಂತ ಬೇರೆ. ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ನುಗ್ಗಿದ್ರೆ ಕೂತವರ ಬೆನ್ನು ಉಳಿಯೋಲ್ಲ. ಅದಕ್ಕೆ ಕಾರಿನ ಕೊಕ್ಕೆಗಳಿಗೆ ಬೆಲ್ಟು ಬಿಗಿದು ಕಟ್ಟವ್ನೆ. ಪ್ಲಗ್ಗು ಕಿತ್ತು, ಬೆಲ್ಟು ಬಿಚ್ಚಿದ್ರೆ ಐದು ನಿಮಿಷಕ್ಕೆ ಪೆಟ್ಟಿಗೆ ಹೊರಗೆ. ಭತ್ತದ ಕಣಜ ಅನ್ನಿಸಿಕೊಂಡ ಊರಲ್ಲಿ ಅಕ್ಕಿ ಚೀಲಕ್ಕೆ ಜಾಗ ಇಲ್ಲದ ಕಾರು ಇಟ್ಕೊಂಡು ಏನು ಮಾಡೋದು? ಪೆಟ್ಟಿಗೆ ಒಳಗೆ ಇದ್ದಾಗಲೂ ಎರಡು ಚೀಲ ಹಿಡಿಯುತ್ತೆ, ನಮ್ಮಕ್ಕ ಅಳತೆ ಹಿಡಿದು ನೋಡಿ ಒಪ್ಪಿಕೊಂಡಿದ್ದು.

ಕಿವಿ ಮಾತು ಉಳೀತು. ಇದರಲ್ಲಿ ನಾನು ನಮ್ಮಕ್ಕನ ಪಕ್ಷ. 85 ಡೆಸಿಬೆಲ್ ಸದ್ದನ್ನ ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಕೇಳಬಾರದು ಅಂತ ಲೆಕ್ಕ ಐತೆ. ಪ್ರತಿ ಮೂರು ಡೆಸಿಬೆಲ್ ಏರಿದಾಗ ಹೊತ್ತು ಅರ್ಧ ಆಗುತ್ತೆ. 88ಕ್ಕೆ ನಾಕು ಗಂಟೆ, 100ಕ್ಕೆ ಬಂದ್ರೆ ಹದಿನೈದು ನಿಮಿಷ ಅಷ್ಟೇ. ಗಾಜು ಏರಿಸಿದ ಕಾರಿನಲ್ಲಿ 100 ಮುಟ್ಟೋದು ಕಷ್ಟ ಅಲ್ಲ. ದಪ್ಪ ಸದ್ದು ಕಿವಿಗೆ ಚುಚ್ಚೋಲ್ಲ, ಅದಕ್ಕೇ ಎಷ್ಟು ಜೋರು ಅಂತ ಗೊತ್ತೇ ಆಗೋಲ್ಲ. ಗಣಪತಿ ಬಿಡುವಾಗ ಟ್ರ್ಯಾಕ್ಟರಿನ ಟ್ರೈಲರ್ ತುಂಬ ಪೇರಿಸಿಕೊಂಡು ಬರೋ ಡಿಜೆ ಪೆಟ್ಟಿಗೆಗಳ ಕತೆ ಬೇರೆನೇ. ಅವು ಬೀದಿಗೇ ಅಂತ ಕಟ್ಟಿದವು. ಹೆಂಚು ಅದುರುತ್ತೆ, ತೊಟ್ಟಿಲ ಕೂಸು ಬೆಚ್ಚಿ ಬೀಳುತ್ತೆ, ಎದೆನೋವಿನವರು ಬಾಗಿಲು ಹಾಕ್ಕೊಂಡು ಕೂರ್ತಾರೆ. 2000ದ ಇಸವಿಯ ಶಬ್ದ ಮಾಲಿನ್ಯದ ನಿಯಮದ ಪ್ರಕಾರ ಮನೆಗಳಿರೋ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಂಗಿಲ್ಲ. ನಮ್ಮ ಬೀದೀಲಿ ಈ ನಿಯಮ ಗೊತ್ತಿರೋ ಗಂಡಸ್ರು ಎಷ್ಟು ಜನ ಅಂತ ನಾನು ಕೇಳೋಕೆ ಹೋಗೋಲ್ಲ. ಗೊತ್ತಿರೋ ಹೆಂಗಸ್ರು ಈಗ ನೀವೆಲ್ಲ ಆದ್ರಿ.

ವಿಲ್ಚರ್ ಕತೆಯಲ್ಲಿ ಒಂದು ಭಾಗ ಬಾಕಿ ಐತೆ. ಅವರು 1967ರಲ್ಲಿ ಕಂಪನಿ ಮಾರಿಬಿಟ್ಟು, ಮಿಕ್ಕ ವರ್ಷಗಳನ್ನ ಕಿವಿ ಕೇಳಿಸದವರ ಯಂತ್ರಕ್ಕೆ ಕೊಟ್ಟರು. ಕಿವಿ ಮಂದ ಆದವರಿಗೆ ಮೆಲ್ಲಗಿನ ಸದ್ದು ಕೇಳೋಲ್ಲ, ಜೋರು ಸದ್ದು ಮಾತ್ರ ನಮ್ಮಷ್ಟೇ ಜೋರಾಗಿ ಬಡಿಯುತ್ತೆ. ಎಲ್ಲವನ್ನೂ ಒಂದೇ ಸಮ ಏರಿಸಿದ್ರೆ ಹಿಂಸೆ. ಸದ್ದನ್ನ ದಪ್ಪ, ಸಣ್ಣ ಅಂತ ಭಾಗ ಮಾಡಿ, ಒಂದೊಂದನ್ನೂ ಬೇರೆ ಬೇರೆ ಅಳತೇಲಿ, ಮೆಲ್ಲಗಿದ್ದಿದ್ದನ್ನ ಜಾಸ್ತಿ, ಜೋರಿದ್ದಿದ್ದನ್ನ ಕಮ್ಮಿ ಏರಿಸೋ ವಿಧಾನವನ್ನ ಅವರು 1973ರಲ್ಲಿ ಪ್ರಕಟಿಸಿದರು. ಪೇಟೆಂಟು ಮಾಡಿಸಲಿಲ್ಲ, ಬಳಸೋರು ಬಳಸಲಿ ಅಂತ ಬಿಟ್ಟರು. ಈಗಿನ ಕಿವಿ ಯಂತ್ರಗಳು ಬಹಳಷ್ಟು ಆ ದಾರಿಯಲ್ಲೇ ನಡೀತವೆ. 2011ರಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ.

ನಮ್ಮತ್ತೆ ಕಿವಿಯಲ್ಲಿ ಇರೋದೂ ಅಂಥದ್ದೇ ಯಂತ್ರ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಹಾಕಿಸಿದ್ದು. ಮನೇಲಿ ಯಾರಿಗಾದ್ರೂ ಟಿವಿ ಜೋರು ಮಾಡೋ ಅಭ್ಯಾಸ ಶುರುವಾಗಿದ್ರೆ ಒಂದು ಸಲ ಅಲ್ಲಿಗೆ ಕರ್ಕೊಂಡು ಹೋಗಿ ತೋರಿಸಿ. ಬೆಳಿಗ್ಗೆ ಬೇಗ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಅತ್ತೆ ಕಾರು ಹತ್ತಿದ ದಿನ ವೂಫರಿನ ಗುಂಡಿ ಸೊನ್ನೆಗೆ, ಇದು ಹುಡುಗನೇ ಮಾಡಿಕೊಂಡ ಕರಾರು. ಹೋದ ಸಲ ಬಿಳಿಕೆರೆ ದಾಟೋ ಹೊತ್ತಿಗೆ ಅತ್ತೆನೇ ಮುಂದಕ್ಕೆ ಬಗ್ಗಿ, "ಅದೇನೋ ಪೆಟ್ಟಿಗೆ ಮಾಡಿದ್ಯಂತಲ್ಲಪ್ಪ, ಒಸಿ ಹಾಕು ನೋಡಾನ" ಅಂದ್ರು. ಗುಂಡಿಯನ್ನ ಕಾಲು ಭಾಗಕ್ಕೆ ತಿರುಗಿಸಿ ಹಳೇ ಹಾಡೊಂದು ಹಾಕ್ದ. ಒಂದು ಹಾಡು ಮುಗಿಯೋವರೆಗೂ ಸೀಟಿನ ಮೇಲೆ ಅಂಗೈ ಊರಿಕೊಂಡು ಕೂತಿದ್ರು. ಆಮೇಲೆ, "ಮೃದಂಗ ಕೇಳ್ತದೆ ಕಣೋ" ಅಂದ್ರು.